ಪಿಕಪ್ ಗಾಡಿಯ ಸಿಬಿ ಆಂಟೆನಾ: ಕೇಳಿಸುತ್ತದೆ, ಆದರೆ ನಮ್ಮ ಮಾತು ಹೊರಗೆ ಹೋಗುವುದಿಲ್ಲ

ಸಿಬಿ (ಸಿಟಿಜನ್ಸ್ ಬ್ಯಾಂಡ್) ಎಂದರೆ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋ. ದೂರು ಚಿಕ್ಕದು. ರೇಡಿಯೋದಲ್ಲಿ ಬೇರೆಯವರ ಮಾತು ಕೇಳಿಸುತ್ತದೆ. ನಾವು ಆಡಿದ ಮಾತು ಮಾತ್ರ ಮುಂದಿನ ತಿರುವಿನಲ್ಲಿರುವ ಗಾಡಿಗೂ ಮುಟ್ಟುವುದಿಲ್ಲ.

ಗಾಡಿ 2018ರ ಫೋರ್ಡ್ ಎಫ್-150, ನಾಲ್ಕು ಬಾಗಿಲಿನ ಪಿಕಪ್. ಊರು ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೋ. ಗಾಡಿಯ ಮಾಲೀಕರು ಕನ್ನಡದವರು, ನನ್ನ ಗೆಳೆಯರು. ರಜೆ ಸಿಕ್ಕಿದರೆ ಸಾಕು, ಟಿಲ್ಲಮೂಕ್ ಕಾಡಿನ ಮಣ್ಣುರಸ್ತೆಗೆ ಹೊರಟುಬಿಡುತ್ತಾರೆ. ಒಂದು ಅಂಗಡಿಯಲ್ಲಿ ಸಿಬಿ ರೇಡಿಯೋ ಮತ್ತು ಆಂಟೆನಾ ಹಾಕಿಸಿದ್ದರು. ಮಾತು ಹೋಗದೇ ಇದ್ದಾಗ ಯಾರೋ ಅವರಿಗೆ ಹೇಳಿದ್ದು: "ಆಂಟೆನಾ ಉದ್ದ ಜಾಸ್ತಿ ಆಗಿದೆ, ತುದಿ ಕತ್ತರಿಸಿ." ಕತ್ತರಿಸುವ ಮೊದಲು ನನಗೆ ಫೋನ್ ಮಾಡಿದರು. ಅದು ಒಳ್ಳೆಯದಾಯಿತು. ಕತ್ತರಿಸಿದ ಆಂಟೆನಾವನ್ನು ಮತ್ತೆ ಉದ್ದ ಮಾಡಲು ಆಗುವುದಿಲ್ಲ. ಈ ಪ್ರಕರಣದಲ್ಲಿ ಉದ್ದದ ತೊಂದರೆ ಕಟ್ಟಕಡೆಯದಾಗಿತ್ತು, ಅದೂ ತೀರಾ ಚಿಕ್ಕದು.

ಮೊಬೈಲ್ ಇರುವ ಕಾಲದಲ್ಲಿ ಇದು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಬ್ಯಾಂಕ್ಸ್ ಊರಿನಿಂದ ಟಿಲ್ಲಮೂಕ್ ಕಡೆಗೆ ವಿಲ್ಸನ್ ನದಿಯ ಪಕ್ಕದಲ್ಲೇ 6ನೇ ನಂಬರಿನ ಹೆದ್ದಾರಿ ಹೋಗುತ್ತದೆ. ಅದರಲ್ಲೇ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಅಲ್ಲಿಂದ ಕಾಡಿನೊಳಗೆ ಕವಲೊಡೆಯುವ ರಸ್ತೆಗಳು ಒಂದೇ ಗಾಡಿ ಹಿಡಿಸುವಷ್ಟು ಅಗಲ. ಎದುರಿಂದ ಮರದ ದಿಮ್ಮಿ ತುಂಬಿದ ಲಾರಿ ಬರುತ್ತದೆ. ತುಂಬಿದ ಲಾರಿಯ ತೂಕ 80,000 ಪೌಂಡ್‌ವರೆಗೂ ಇರುತ್ತದೆ, ಅಂದರೆ ಸುಮಾರು 36 ಟನ್. ಇಳಿಜಾರಿನಲ್ಲಿ ಅದು ತಟ್ಟನೆ ನಿಲ್ಲುವುದಿಲ್ಲ. ಆ ಭಾಗದ ಕೆಲವು ಕಾಡುರಸ್ತೆಗಳ ಬಾಯಲ್ಲಿ ಯಾವ ಸಿಬಿ ಚಾನೆಲ್ ಹಾಕಿಕೊಳ್ಳಬೇಕು ಎಂದು ಬೋರ್ಡ್ ಇರುತ್ತದೆ. ಡ್ರೈವರ್‌ಗಳು ತಾವು ಎಷ್ಟನೇ ಮೈಲಿಯಲ್ಲಿದ್ದೇವೆ, ಲೋಡ್ ಇದೆಯೋ ಖಾಲಿಯೋ ಅಂತ ಹೇಳುತ್ತಾ ಬರುತ್ತಾರೆ. ಅದನ್ನು ಕೇಳಿಸಿಕೊಳ್ಳಬೇಕು. ನಾವು ಎಲ್ಲಿದ್ದೇವೆ ಎಂದು ಅವರಿಗೆ ಹೇಳಲೂ ಬೇಕು. ಇಲ್ಲಿ ರೇಡಿಯೋ ಶೋಕಿಗಲ್ಲ.

ಅಮೆರಿಕದಲ್ಲಿ ಸಿಬಿಗೆ 40 ಚಾನೆಲ್. ಒಂದನೇ ಚಾನೆಲ್ 26.965 ಮೆಗಾಹರ್ಟ್ಸ್, ನಲವತ್ತನೆಯದು 27.405. ಲಾರಿಯವರು ಹೆಚ್ಚಾಗಿ ಇರುವುದು 19ರಲ್ಲಿ, ತುರ್ತಿಗೆ 9. 1977ರವರೆಗೆ 23 ಚಾನೆಲ್ ಮಾತ್ರ ಇದ್ದವು. 1983ರಿಂದ ಬಿಡಿಬಿಡಿ ಲೈಸೆನ್ಸ್ ಬೇಕಿಲ್ಲ. ಮಾಮೂಲಿ ಎಎಂ ಮಾತಿಗೆ ಕಾನೂನು ಬಿಡುವುದು 4 ವ್ಯಾಟ್ ಮಾತ್ರ. ಮನೆಯ ರಾತ್ರಿ ದೀಪದ ಎಲ್‌ಇಡಿ ಬಲ್ಬಿಗೂ ಇಷ್ಟೇ ಬೇಕಾಗಬಹುದು. ಹಾಗಾಗಿ ಈ 4 ವ್ಯಾಟ್‌ನಲ್ಲಿ ಒಂದು ಪಾಲು ದಾರಿಯಲ್ಲಿ ಸೋರಿಹೋದರೂ ಮಾತು ದೂರ ಹೋಗುವುದಿಲ್ಲ.

ಗಾಡಿಯಲ್ಲಿ ಏನಿತ್ತು

ಎಫ್-150ರ ಮೇಲ್ಮೈ 2015ರ ಮಾಡೆಲ್‌ನಿಂದ ಅಲ್ಯೂಮಿನಿಯಂ. ಕೆಳಗಿನ ಚಾಸಿ ಮಾತ್ರ ಉಕ್ಕು. ಅಯಸ್ಕಾಂತದ ಬುಡ ಇರುವ ಆಂಟೆನಾವನ್ನು ಮಾಡಿನ ಮೇಲೆ ಟಪ್ ಅಂತ ಕೂರಿಸುವುದು ಎಲ್ಲರಿಗೂ ಗೊತ್ತಿರುವ ಸುಲಭದ ದಾರಿ. ಈ ಗಾಡಿಯಲ್ಲಿ ಅದು ಅಂಟುವುದೇ ಇಲ್ಲ. ಹಾಗಾಗಿ ಅಂಗಡಿಯವರು ಕ್ಯಾಬಿನ್ ಹಿಂದೆ, ಸಾಮಾನು ಹಾಕುವ ತೊಟ್ಟಿಯ ಎಡ ಅಂಚಿಗೆ ಬ್ರಾಕೆಟ್ ಹಾಕಿ, ಅದರ ಮೇಲೆ 4 ಅಡಿಯ ಫೈಬರ್‌ಗ್ಲಾಸ್ ಕೋಲು ನಿಲ್ಲಿಸಿದ್ದರು. ಕೋಲಿನ ಸುತ್ತ ತಂತಿ ಸುತ್ತಿರುತ್ತದೆ, ತುದಿಯ ಹತ್ತಿರ ಒತ್ತೊತ್ತಾಗಿ.

ಜಾಗ ಕೆಟ್ಟದ್ದೇನಲ್ಲ. ಅರ್ಧಕ್ಕಿಂತ ಜಾಸ್ತಿ ಕೋಲು ಕ್ಯಾಬಿನ್ ಮಾಡಿಗಿಂತ ಮೇಲಿತ್ತು. ತಂತಿ ಒತ್ತಾಗಿ ಸುತ್ತಿದ ಭಾಗ ಕ್ಯಾಬಿನ್‌ನ ಗೋಡೆಗೆ ಎದುರಾಗಿ ನಿಂತರೆ ಆಂಟೆನಾ ಸರಿಯಾಗಿ ಹೊಂದುವುದಿಲ್ಲ. ಇಲ್ಲಿ ಅದು ಮಾಡಿನ ಮೇಲಕ್ಕೇ ಬಂದಿತ್ತು.

ಕೇಬಲ್ 18 ಅಡಿಯದು, 50 ಓಮ್‌ನ ಮಾಮೂಲಿ ಕೋಆಕ್ಸಿಯಲ್, ಅಂದರೆ ನಡುವೆ ಒಂದು ತಂತಿ, ಅದರ ಸುತ್ತ ಲೋಹದ ಜಾಲರಿ. ಎರಡೂ ತುದಿಯಲ್ಲಿ ತಿರುಗಿಸಿ ಹಾಕುವ ಪ್ಲಗ್. ಹಿಂದಿನ ಸೀಟಿನ ಬೆನ್ನ ಹಿಂದೆ ಗಾಳಿ ಹೊರಹೋಗುವ ಕಿಂಡಿ ಇರುತ್ತದೆ. ಅದರ ಮೂಲಕ ಕೇಬಲನ್ನು ಒಳಗೆ ತಂದಿದ್ದರು. ಅಚ್ಚುಕಟ್ಟಾದ ಕೆಲಸ, ಗಾಡಿಗೆ ತೂತು ಹೊಡೆದಿರಲಿಲ್ಲ. ರೇಡಿಯೋಗೆ ಕರೆಂಟ್ ಬರುತ್ತಿದ್ದುದು ಡ್ಯಾಶ್‌ಬೋರ್ಡಿನ ಚಾರ್ಜರ್ ಸಾಕೆಟ್‌ನಿಂದ.

ಮೊದಲ ಅಳತೆ

ಇಂಥ ಕೆಲಸಕ್ಕೆ ಎಸ್‌ಡಬ್ಲ್ಯೂಆರ್ ಮೀಟರ್ ಬೇಕೇ ಬೇಕು. ಅದಿಲ್ಲದೆ ಹೇಳುವುದೆಲ್ಲ ಊಹೆ. ರೇಡಿಯೋ ಮತ್ತು ಆಂಟೆನಾ ಕೇಬಲ್ ನಡುವೆ ಇದನ್ನು ಸೇರಿಸುತ್ತಾರೆ. ರೇಡಿಯೋ ಕಳಿಸಿದ ಶಕ್ತಿಯಲ್ಲಿ ಎಷ್ಟು ಪಾಲು ವಾಪಸ್ ಬರುತ್ತಿದೆ ಎಂದು ಇದರಿಂದ ತಿಳಿಯುತ್ತದೆ. ಕೆರೆಯ ಏರಿಗೆ ಬಡಿದ ಅಲೆ ಹಿಂದಕ್ಕೆ ಬರುವ ಹಾಗೆ, ಹೊಂದಿಕೆ ಇಲ್ಲದ ಆಂಟೆನಾಗೆ ಬಡಿದ ಶಕ್ತಿ ರೇಡಿಯೋ ಕಡೆಗೆ ಹಿಂದಿರುಗುತ್ತದೆ. ಮೀಟರ್ 1 ತೋರಿಸಿದರೆ ಏನೂ ವಾಪಸ್ ಬರುತ್ತಿಲ್ಲ ಎಂದರ್ಥ. 1.5 ಇದ್ದರೆ ನೂರಕ್ಕೆ 4 ಪಾಲು, 2 ಇದ್ದರೆ 11, 3 ಇದ್ದರೆ 25 ಪಾಲು ವಾಪಸ್. 1.5ರ ಒಳಗಿದ್ದರೆ ಚೆನ್ನಾಗಿದೆ, 2ರವರೆಗೆ ನಡೆಯುತ್ತದೆ. 3 ದಾಟಿದರೆ ಮೈಕ್ ಗುಂಡಿ ಒತ್ತಲೇಬಾರದು. ರೇಡಿಯೋದ ಕೊನೆಯ ಟ್ರಾನ್ಸಿಸ್ಟರ್ ಸುಡುವ ಅಪಾಯ ಇರುತ್ತದೆ.

ಅಳೆಯುವುದಕ್ಕೂ ಕ್ರಮವಿದೆ. ಗಾಡಿ ಬಯಲಿನಲ್ಲಿ ನಿಲ್ಲಬೇಕು. ಗ್ಯಾರೇಜಿನ ಬಾಗಿಲು, ತಗಡಿನ ಶೆಡ್ಡು, ಕರೆಂಟ್ ಕಂಬ ಹತ್ತಿರ ಇರಬಾರದು. ಗಾಡಿಯ ಎಲ್ಲ ಬಾಗಿಲೂ ಮುಚ್ಚಿರಬೇಕು. ಆಂಟೆನಾ ಪಕ್ಕ ಯಾರೂ ನಿಲ್ಲಬಾರದು. ನಾವು ಒಂದು ಶಾಲೆಯ ಖಾಲಿ ಪಾರ್ಕಿಂಗ್‌ಗೆ ಗಾಡಿ ತಂದೆವು.

1ನೇ ಚಾನೆಲ್, 19, 40. ಮೂರರಲ್ಲೂ ಮುಳ್ಳು 3 ದಾಟಿ ಕೆಂಪಿಗೆ ಹೋಯಿತು.

ಕೋಲಿನ ಉದ್ದವೇ ತಪ್ಪಾಗಿದ್ದರೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಬರಬೇಕಿತ್ತು. 40ರಲ್ಲಿ ಜಾಸ್ತಿ ಬಂದರೆ ಆಂಟೆನಾ ಉದ್ದ, 1ರಲ್ಲಿ ಜಾಸ್ತಿ ಬಂದರೆ ಗಿಡ್ಡ. ಎಲ್ಲಾ ಕಡೆ ಒಂದೇ ಸಮ ಕೆಂಪಿಗೆ ಹೋದರೆ ತೊಂದರೆ ಬೇರೆಲ್ಲೋ ಇದೆ: ಶಾರ್ಟ್ ಆಗಿರಬೇಕು, ತುಂಡಾಗಿರಬೇಕು, ಇಲ್ಲವೇ ಅರ್ಥಿಂಗ್, ಅಂದರೆ ಗಾಡಿಯ ಲೋಹದ ಮೈಗೆ ಸಂಪರ್ಕ, ಇಲ್ಲ. ಕೋಲು ಕತ್ತರಿಸಬೇಡಿ ಎಂದು ಹೇಳಲು ಈ ಒಂದು ಅಳತೆಯೇ ಸಾಕಿತ್ತು.

"ಆದರೆ ನನಗೆ ಲಾರಿಯವರ ಮಾತು ಚೆನ್ನಾಗೇ ಕೇಳಿಸುತ್ತಲ್ಲ ಸಾರ್?" ಎಂದರು ಗೆಳೆಯರು. ಕೇಳಿಸುತ್ತದೆ ಎನ್ನುವುದು ಆಂಟೆನಾಗೆ ಪರೀಕ್ಷೆಯೇ ಅಲ್ಲ. ಪಕ್ಕದಲ್ಲೇ ಹಾದುಹೋಗುವ ಲಾರಿಯ ಮಾತು ಒಂದು ತುಂಡು ತಂತಿ ಸಿಕ್ಕಿಸಿದರೂ ಕೇಳಿಸುತ್ತದೆ.

ತುಂಡು ತುಂಡು ಮಾಡಿ ನೋಡುವುದು

ರೇಡಿಯೋ, ಕೇಬಲ್, ಬ್ರಾಕೆಟ್, ಕೋಲು, ಗಾಡಿಯ ಮೈ. ಈ ಐದರಲ್ಲಿ ಯಾವುದು ಕೆಟ್ಟಿದೆ? ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ಡಮ್ಮಿ ಲೋಡ್ ಎನ್ನುವ ಸಣ್ಣ ಸಾಧನ ಬಹಳ ಕೆಲಸಕ್ಕೆ ಬರುತ್ತದೆ. ಅದು 50 ಓಮ್‌ನ ಒಂದು ರೆಸಿಸ್ಟರ್, ಪ್ಲಗ್ ಒಳಗೆ ಕೂತಿರುತ್ತದೆ. ಬಂದ ಶಕ್ತಿಯನ್ನೆಲ್ಲ ಬಿಸಿ ಮಾಡಿ ನುಂಗುತ್ತದೆ. ಎಸ್‌ಡಬ್ಲ್ಯೂಆರ್ ಲೆಕ್ಕದಲ್ಲಿ ಅದು ತಪ್ಪೇ ಇಲ್ಲದ ಆಂಟೆನಾ.

ಅದನ್ನು ಮೊದಲು ಮೀಟರಿಗೇ ಹಾಕಿದೆವು. 1.1 ಬಂತು. ರೇಡಿಯೋ ಸರಿ ಇದೆ. ಆಮೇಲೆ ಉದ್ದದ ಕೇಬಲ್ ಸೇರಿಸಿ, ಬ್ರಾಕೆಟ್ ಕೆಳಗಿನ ತುದಿಯಲ್ಲಿ ಡಮ್ಮಿ ಲೋಡ್ ಹಾಕಿದೆವು. 1.2. ಕೇಬಲ್ಲೂ ಸರಿ ಇದೆ. ಉಳಿದದ್ದು ಬ್ರಾಕೆಟ್, ಕೋಲು, ಗಾಡಿ.

ಕೇಬಲ್ ಬಿಚ್ಚಿಟ್ಟು ಮಲ್ಟಿಮೀಟರ್ ತೆಗೆದೆವು. ಎರಡು ಜಾಗಗಳ ನಡುವೆ ಸಂಪರ್ಕ ಇದ್ದರೆ ಅದು ಬೀಪ್ ಅನ್ನುತ್ತದೆ. ಬ್ರಾಕೆಟ್ ಕೆಳಗಿನ ಸಾಕೆಟ್ಟಿನ ನಡುವಿನ ತೂತಿಗೂ ಕೋಲಿನ ಬುಡದ ಲೋಹಕ್ಕೂ ಸಂಪರ್ಕ ಇರಬೇಕು. ಇತ್ತು. ಅದೇ ನಡುವಿನ ತೂತಿಗೂ ಬ್ರಾಕೆಟ್ಟಿಗೂ ಸಂಪರ್ಕ ಇರಬಾರದು. ಮೀಟರ್ ಬೀಪ್ ಅಂದಿತು. ಕೋಲನ್ನು ತೆಗೆದು ನೋಡಿದರೂ ಬೀಪ್. ಶಾರ್ಟ್ ಇಲ್ಲೇ ಇದೆ ಎಂದು ಗೊತ್ತಾಯಿತು. ಕೋಲು ತೆಗೆದು ಮತ್ತೊಮ್ಮೆ ನೋಡುವುದಕ್ಕೆ ಕಾರಣ ಇದೆ. ಬುಡದಲ್ಲಿ ಸುರುಳಿ ಇರುವ ಕೆಲವು ಆಂಟೆನಾಗಳಲ್ಲಿ ತಯಾರಕರೇ ಹಾಗೆ ಜೋಡಿಸಿರುತ್ತಾರೆ. ಅಂಥದ್ದರಲ್ಲಿ ಬೀಪ್ ಬಂದರೆ ತೊಂದರೆ ಅಲ್ಲ.

ಬ್ರಾಕೆಟ್ ತೂತಿನಲ್ಲಿ ಸ್ಟಡ್, ಅಂದರೆ ಕೋಲನ್ನು ಹಿಡಿದಿಡುವ ಬೋಲ್ಟಿನಂಥ ಭಾಗ, ಕೂರುತ್ತದೆ. ಸ್ಟಡ್‌ನ ಕೆಳಭಾಗ ಬ್ರಾಕೆಟ್ಟಿಗೆ ಮುಟ್ಟಬೇಕು, ಅದು ಅರ್ಥಿಂಗ್ ಕಡೆ. ಕೋಲು ಕೂರುವ ಮೇಲ್ಭಾಗ ಬ್ರಾಕೆಟ್ಟಿಗೆ ಮುಟ್ಟಬಾರದು. ಇವೆರಡನ್ನೂ ಬೇರೆ ಮಾಡುವುದು ಒಂದು ಪುಟ್ಟ ನೈಲಾನ್ ವಾಷರ್. ಅದಕ್ಕೆ ಒಂದು ಕೊರಳು ಇರುತ್ತದೆ. ಆ ಕೊರಳು ತೂತಿನ ಒಳಗೆ ಇಳಿದು ಕೂರಬೇಕು. ಇಲ್ಲಿ ವಾಷರ್ ತಲೆಕೆಳಗಾಗಿತ್ತು, ಮೇಲಾಗಿ ಬಿಗಿ ಮಾಡಿದ ರಭಸಕ್ಕೆ ಸೀಳಿತ್ತು. ಒಳಗಿನ ಬೋಲ್ಟ್ ತೂತಿನ ಅಂಚಿಗೆ ಒರಗಿಕೊಂಡಿತ್ತು. ಹೊಸ ವಾಷರ್ ತಂದು ಸರಿಯಾಗಿ ಕೂರಿಸಿ, ಹದವಾಗಿ ಬಿಗಿ ಮಾಡಿದೆವು. ಬೀಪ್ ನಿಂತಿತು.

ಮತ್ತೆ ಅಳೆದೆವು. 1ರಲ್ಲಿ 2.6, 19ರಲ್ಲಿ 2.7, 40ರಲ್ಲಿ 2.9.

ಇಳಿದಿದೆ, ಆದರೆ ಸಾಲದು. ಮೂರೂ ಹೆಚ್ಚುಕಡಿಮೆ ಒಂದೇ. ಈಗಲೂ ಉದ್ದದ ಕಡೆ ಬೆರಳು ತೋರಿಸುವಂತಿಲ್ಲ. ಗೆಳೆಯರು ಗುಂಡಿ ಒತ್ತಿ ಹಿಡಿದಿದ್ದಾಗ ನಾನು ಮೀಟರ್ ಹಿಂದಿನ ಕೇಬಲನ್ನು ಕೈಯಲ್ಲಿ ಮುಷ್ಟಿ ಹಿಡಿದೆ. ಮುಳ್ಳು ಜರುಗಿತು. ಬಿಟ್ಟರೆ ವಾಪಸ್. ಇದು ಬಹಳ ಬೆಲೆಯ ಸುಳಿವು. ಕೇಬಲ್‌ನ ಹೊರಮೈ ಸುಮ್ಮನೆ ಇರಬೇಕು, ಶಕ್ತಿ ಒಳಗೊಳಗೇ ಹೋಗಬೇಕು. ಕೈ ಮುಟ್ಟಿದರೆ ಅಳತೆ ಬದಲಾಗುತ್ತದೆ ಎಂದರೆ ಕೇಬಲ್‌ನ ಹೊರಗಿನ ಜಾಲರಿಯೇ ಆಂಟೆನಾದ ಭಾಗವಾಗಿ ಕೆಲಸ ಮಾಡುತ್ತಿದೆ. ಗಾಡಿಯ ಮೈ ಮಾಡಬೇಕಾದ ಕೆಲಸವನ್ನು ಕೇಬಲ್ ಮಾಡುತ್ತಿದೆ.

ಆಂಟೆನಾದ ಇನ್ನೊಂದು ಅರ್ಧ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಪಿಕಪ್ ಗಾಡಿಗಳ ಸಿಬಿ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ ಎಂದು ನನ್ನ ನಂಬಿಕೆ.

27 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 9 ಅಡಿ, ಪೂರ್ತಿ ಅಳತೆಯ ಕೋಲು. 4 ಅಡಿಯ ಕೋಲಿನಲ್ಲಿ ತಂತಿ ಸುತ್ತಿ ಅಷ್ಟನ್ನು ತುಂಬಿಸಿರುತ್ತಾರೆ. ಆದರೆ ಕೋಲು ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಅದರ ಕೆಳಗಿರುವ ಲೋಹ, ಅಂದರೆ ಗಾಡಿಯ ಮೈ. ಕೋಲಿಗೆ ಎಷ್ಟು ಕರೆಂಟ್ ಹತ್ತುತ್ತದೋ ಅಷ್ಟೇ ಕರೆಂಟ್ ಈ ಲೋಹದ ಮೇಲೆ ಹರಿಯಬೇಕು. ದಾರಿ ಇಲ್ಲದಿದ್ದರೆ ಸಿಕ್ಕಿದ ದಾರಿ ಹಿಡಿಯುತ್ತದೆ. ಇಲ್ಲಿ ಸಿಕ್ಕಿದ್ದು ಕೇಬಲ್ ಜಾಲರಿ.

ಕಾರಿನಲ್ಲಿ ಮೈ ಎಲ್ಲ ಒಂದೇ ಬೆಸುಗೆಯ ಡಬ್ಬಿ. ಪಿಕಪ್‌ನಲ್ಲಿ ಹಾಗಲ್ಲ. ಕ್ಯಾಬಿನ್ ಒಂದು ತುಂಡು, ತೊಟ್ಟಿ ಇನ್ನೊಂದು ತುಂಡು, ಕೆಳಗಿನ ಚಾಸಿ ಮತ್ತೊಂದು. ಕ್ಯಾಬಿನ್ ರಬ್ಬರ್ ಬುಶ್‌ಗಳ ಮೇಲೆ ಕೂತಿರುತ್ತದೆ. ತೊಟ್ಟಿಯನ್ನು ಚಾಸಿಗೆ ಬೋಲ್ಟ್ ಮಾಡಿರುತ್ತಾರೆ, ನಡುವೆ ಬಣ್ಣ, ತುಕ್ಕು ತಡೆಯುವ ಲೇಪ. ಹಿಂಬಾಗಿಲು, ಟೂಲ್ ಬಾಕ್ಸ್, ಬಾನೆಟ್ ಎಲ್ಲವೂ ಕೀಲಿನ ಮೇಲೆ ನೇತಾಡುವ ಬಿಡಿ ತುಂಡುಗಳು. ನೋಡಲು ಒಂದೇ ಗಾಡಿ, 27 ಮೆಗಾಹರ್ಟ್ಸ್‌ಗೆ ಅದು ಐದಾರು ದ್ವೀಪ.

ಮೊದಲು ಬ್ರಾಕೆಟ್ ನೋಡಿದೆವು. ಅಂಗಡಿಯಲ್ಲಿ ಇದನ್ನು ಮಲ್ಟಿಮೀಟರ್‌ನಿಂದ ಪರೀಕ್ಷಿಸಿ, ಅರ್ಥಿಂಗ್ ಸರಿ ಇದೆ ಎಂದಿದ್ದರಂತೆ. ಅವರು ನೋಡಿದಾಗ ಸೊನ್ನೆ ಓಮ್ ಬಂದಿದ್ದು ನಿಜವೇ ಇರಬೇಕು. ಆದರೆ ಕೇಬಲ್ ರೇಡಿಯೋಗೆ ಹಾಕಿದ್ದಾಗ ಹಾಗೆ ಅಳೆಯಬಾರದು. ಬ್ರಾಕೆಟ್ಟಿನಿಂದ ಕೇಬಲ್ ಜಾಲರಿಗೆ, ಜಾಲರಿಯಿಂದ ರೇಡಿಯೋದ ಡಬ್ಬಿಗೆ, ಅಲ್ಲಿಂದ ಕಪ್ಪು ವೈರಿನಲ್ಲಿ ಬ್ಯಾಟರಿ ನೆಗೆಟಿವ್‌ಗೆ ಸಂಪರ್ಕ ಆಗಿಬಿಡುತ್ತದೆ. ಮೀಟರ್ ಸೊನ್ನೆ ತೋರಿಸುತ್ತದೆ. ಬ್ರಾಕೆಟ್ ಗಾಡಿಗೆ ಮುಟ್ಟದೇ ಇದ್ದರೂ ತೋರಿಸುತ್ತದೆ. ರೇಡಿಯೋ ಕಡೆಯ ಪ್ಲಗ್ ಬಿಚ್ಚಿಯೇ ಅಳೆಯಬೇಕು. ನಾವು ಬಿಚ್ಚಿ ಅಳೆದಾಗ ಮೀಟರ್ ನಿಲ್ಲಲೇ ಇಲ್ಲ. ಒಮ್ಮೆ ನಾಲ್ಕು ಓಮ್, ಬ್ರಾಕೆಟ್ ಅಲುಗಿಸಿದರೆ ಮೂವತ್ತು.

ಬ್ರಾಕೆಟ್ ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಅದಕ್ಕೆ ದಪ್ಪ ಕಪ್ಪು ಪೌಡರ್ ಕೋಟಿಂಗ್. ಅದರ ಕೆಳಗೆ ತೊಟ್ಟಿಯ ಅಂಚಿನ ಪ್ಲಾಸ್ಟಿಕ್ ಪಟ್ಟಿ. ಅದರ ಕೆಳಗೆ ಗಾಡಿಯ ಬಣ್ಣ. ಲೋಹಕ್ಕೆ ಲೋಹ ಮುಟ್ಟುತ್ತಿದ್ದುದು ಬೋಲ್ಟಿನ ಎಳೆಗಳಲ್ಲಿ ಮಾತ್ರ.

ಬ್ರಾಕೆಟ್ ಕೂರುವಷ್ಟು ಜಾಗದಲ್ಲಿ ಪ್ಲಾಸ್ಟಿಕ್ ಕತ್ತರಿಸಿದೆವು. ಬೋಲ್ಟ್ ಸುತ್ತ ಬಣ್ಣ ಮತ್ತು ಬ್ರಾಕೆಟ್ಟಿನ ತಳದ ಕೋಟಿಂಗ್ ಎರಡನ್ನೂ ಎಮರಿ ಪೇಪರಿನಲ್ಲಿ ಉಜ್ಜಿ ಹೊಳೆಯುವ ಲೋಹ ಬರಿಸಿದೆವು. ಅಲ್ಯೂಮಿನಿಯಂ ಉಜ್ಜಿದ ಕೂಡಲೇ ಗಾಳಿಗೆ ಮತ್ತೆ ತೆಳುವಾದ ಪದರ ಕಟ್ಟುತ್ತದೆ, ಆ ಪದರ ಕರೆಂಟ್ ಬಿಡುವುದಿಲ್ಲ. ಎಲೆಕ್ಟ್ರಿಷಿಯನ್‌ಗಳು ಅಲ್ಯೂಮಿನಿಯಂ ವೈರಿಗೆ ಹಚ್ಚುವ ಪೇಸ್ಟ್ ಸಿಗುತ್ತದೆ, ಅದನ್ನು ಹಚ್ಚಿ ತಡಮಾಡದೆ ಬಿಗಿ ಮಾಡಬೇಕು. ಹಲ್ಲಿರುವ ಸ್ಟಾರ್ ವಾಷರ್, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿದೆವು. ಬರಿ ತಾಮ್ರವನ್ನೋ ಹಿತ್ತಾಳೆಯನ್ನೋ ಅಲ್ಯೂಮಿನಿಯಂಗೆ ನೇರ ಒತ್ತಿ ಕೂರಿಸಬಾರದು. ಆ ಊರಿನ ಮಳೆಯಲ್ಲಿ ಎರಡರ ನಡುವೆ ಸವೆತ ಬೇಗ ಶುರುವಾಗುತ್ತದೆ. ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ.

ಮಲ್ಟಿಮೀಟರ್ ಈಗ 0.2 ಓಮ್ ತೋರಿಸಿತು, ಅಲುಗಿಸಿದರೂ ಕದಲಲಿಲ್ಲ. ಎಸ್‌ಡಬ್ಲ್ಯೂಆರ್ 2.1ಕ್ಕೆ ಇಳಿಯಿತು. ಮೂರು ಚಾನೆಲ್‌ನಲ್ಲೂ ಅಷ್ಟೇ, ಅತ್ತಿತ್ತ ಚೂರು.

0.2 ಓಮ್ ಎಂದರೆ ಚೆನ್ನಾಗಿದೆ ಅಲ್ವಾ, ಇನ್ನೇನು ಬೇಕು? ಬ್ಯಾಟರಿಯ ಕರೆಂಟಿಗೆ ಅದು ಸಾಕು. ರೇಡಿಯೋ ಅಲೆಗೆ ಲೆಕ್ಕ ಬೇರೆ. ಒಂದು ಅಡಿಯ ತೆಳು ವೈರನ್ನು ಮಲ್ಟಿಮೀಟರ್ ಸೊನ್ನೆ ಎನ್ನುತ್ತದೆ. 27 ಮೆಗಾಹರ್ಟ್ಸ್‌ನಲ್ಲಿ ಅದೇ ವೈರು ಹೆಚ್ಚುಕಡಿಮೆ 50ರಿಂದ 60 ಓಮ್‌ನಷ್ಟು ತಡೆ ಒಡ್ಡುತ್ತದೆ. ನಮ್ಮ ಇಡೀ ಆಂಟೆನಾದ ಲೆಕ್ಕವೇ 50 ಓಮ್! ಹಾಗಾಗಿ ಅರ್ಥಿಂಗ್‌ಗೆ ಎಲ್ಲಿಂದಲೋ ಒಂದು ಉದ್ದನೆ ವೈರು ಎಳೆದು ಚಾಸಿಗೆ ಕಟ್ಟಿದರೆ ಪ್ರಯೋಜನ ಕಡಿಮೆ. ಬೇಕಾದ್ದು ಅಗಲವಾದ, ಗಿಡ್ಡವಾದ ಪಟ್ಟಿ.

ತವರ ಲೇಪದ ತಾಮ್ರದ ಹೆಣೆದ ಪಟ್ಟಿ ತಂದೆವು, ಒಂದು ಇಂಚು ಅಗಲದ್ದು. ಬ್ರಾಕೆಟ್ ಹತ್ತಿರವೇ ತೊಟ್ಟಿಯಿಂದ ಚಾಸಿಗೆ ಒಂದು. ತೊಟ್ಟಿಯಿಂದ ಕ್ಯಾಬಿನ್ ಹಿಂಗೋಡೆಯ ಕೆಳಗೆ ಒಂದು. ಕ್ಯಾಬಿನ್‌ನಿಂದ ಚಾಸಿಗೆ ಎರಡೂ ಬದಿಯಲ್ಲಿ ಒಂದೊಂದು. ಎಲ್ಲವೂ ಗಾಡಿಯಲ್ಲಿ ಮೊದಲೇ ಇದ್ದ ಬೋಲ್ಟ್‌ಗಳಿಗೆ, ಹೊಸ ತೂತು ಹೊಡೆಯಲಿಲ್ಲ. ಕ್ಯಾಬಿನ್ ಮತ್ತು ತೊಟ್ಟಿ ಓಡುವಾಗ ಬೇರೆ ಬೇರೆಯಾಗಿ ಅಲುಗಾಡುತ್ತವೆ. ಅದಕ್ಕೆ ಪಟ್ಟಿಯನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಟ್ಟೆವು. ಮುಟ್ಟುವ ಜಾಗ ಉಜ್ಜಿದ್ದು, ಪೇಸ್ಟ್ ಹಚ್ಚಿದ್ದು, ಮೇಲೆ ಬಣ್ಣ ಬಳಿದದ್ದು ಎಲ್ಲ ಕಡೆ ಒಂದೇ ರೀತಿ. ಬೇಸರದ ಕೆಲಸ, ಗಾಡಿ ಕೆಳಗೆ ಮಲಗಿಕೊಂಡೇ ಮಾಡಬೇಕು. ಆದರೆ ಇಡೀ ಪ್ರಕರಣದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ.

ಅಳತೆ: 1ರಲ್ಲಿ 1.5, 19ರಲ್ಲಿ 1.7, 40ರಲ್ಲಿ 2.0. ಕೇಬಲ್ ಹಿಡಿದರೆ ಮುಳ್ಳು ಕದಲಲಿಲ್ಲ.

ನೋಡಿ, ಈಗ ಮೊದಲ ಬಾರಿಗೆ ಅಂಕಿಗಳು ಓರೆಯಾದವು. 40ರ ಕಡೆ ಜಾಸ್ತಿ. ಈಗ ಹೇಳಬಹುದು, ಆಂಟೆನಾ ಸ್ವಲ್ಪ ಉದ್ದ ಇದೆ. ಕೋಲಿನ ತುದಿಯ ರಬ್ಬರ್ ಟೋಪಿ ತೆಗೆದರೆ ಒಳಗೆ ಒಂದು ಸ್ಕ್ರೂ ಇತ್ತು. ಒಂದೊಂದು ಸುತ್ತು ಒಳಗೆ ತಿರುಗಿಸಿ, ಪ್ರತಿ ಸಲ ಟೋಪಿ ಹಾಕಿ, ದೂರ ಸರಿದು ಅಳೆದೆವು. ಕೊನೆಗೆ 1ರಲ್ಲಿ 1.4, 19ರಲ್ಲಿ 1.2, 40ರಲ್ಲಿ 1.5. ನಡುವೆ ಕಡಿಮೆ, ಎರಡು ಕಡೆ ಸರಿಸುಮಾರು ಸಮ. ಹೀಗೇ ಬರಬೇಕು. ಲಾಕ್ ನಟ್ ಬಿಗಿ ಮಾಡಿ ಬಿಟ್ಟೆವು. ಕತ್ತರಿ ಬೇಕಾಗಲಿಲ್ಲ.

ಕೇಬಲ್ ಕರಾರುವಾಕ್ಕಾಗಿ 18 ಅಡಿ ಇರಲೇಬೇಕು ಎನ್ನುವ ಮಾತು ಸಿಬಿ ಬಳಸುವವರಲ್ಲಿ ಬೇರು ಬಿಟ್ಟಿದೆ. ಗೆಳೆಯರೂ ಕೇಳಿದರು. ಆಂಟೆನಾ 50 ಓಮ್‌ಗೆ ಹೊಂದಿಕೊಂಡಿದ್ದರೆ, ಜಾಲರಿಯ ಹೊರಮೈಯಲ್ಲಿ ಕರೆಂಟ್ ಇಲ್ಲದಿದ್ದರೆ, ಕೇಬಲ್ ಎಷ್ಟು ಅಡಿಯಾದರೂ ಎಸ್‌ಡಬ್ಲ್ಯೂಆರ್ ಹೆಚ್ಚುಕಡಿಮೆ ಅದೇ ಬರುತ್ತದೆ. ಕೇಬಲ್ ಉದ್ದ ಬದಲಿಸಿದಾಗ ಅಳತೆ ಸರಿಹೋಯಿತು ಎಂದು ಯಾರಾದರೂ ಹೇಳಿದರೆ ನಾನು ಅವರ ಗಾಡಿಯ ಅರ್ಥಿಂಗ್ ಮೊದಲು ನೋಡುತ್ತೇನೆ.

ಗಿರ್ ಎನ್ನುವ ಸದ್ದು

ಮಾತು ಹೋಗಲು ಶುರುವಾದ ಮೇಲೆ ಇನ್ನೊಂದು ದೂರು ಬಂತು. ಇಂಜಿನ್ ಶುರು ಮಾಡಿದರೆ ಸ್ಪೀಕರಿನಲ್ಲಿ ಗದ್ದಲ, ದೂರದವರ ಮಾತು ಅದರಲ್ಲಿ ಮುಳುಗಿಹೋಗುತ್ತದೆ.

ಮೊದಲ ಪರೀಕ್ಷೆ ಸುಲಭ. ಗದ್ದಲ ಇರುವಾಗಲೇ ರೇಡಿಯೋ ಹಿಂದಿನ ಆಂಟೆನಾ ಪ್ಲಗ್ ಬಿಚ್ಚಿ. ಗದ್ದಲ ಹಾಗೇ ಇದ್ದರೆ ಅದು ಕರೆಂಟ್ ವೈರಿನಿಂದ ಬರುತ್ತಿದೆ. ನಿಂತರೆ ಆಂಟೆನಾದಿಂದ ಬರುತ್ತಿದೆ. ಇಲ್ಲಿ ಎರಡೂ ಇದ್ದವು. ಪ್ಲಗ್ ಬಿಚ್ಚಿದಾಗ ಮುಕ್ಕಾಲು ಪಾಲು ನಿಂತಿತು. ಉಳಿದದ್ದು ಸಣ್ಣ ಕೊಂಯ್ ಎನ್ನುವ ದನಿ, ಆಕ್ಸಿಲರೇಟರ್ ಒತ್ತಿದರೆ ಮೇಲೇರುತ್ತದೆ. ಇಂಜಿನ್ ವೇಗದ ಜೊತೆ ಏರಿಳಿಯುವ ದನಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು.

ರೇಡಿಯೋದ ಕರೆಂಟನ್ನು ಚಾರ್ಜರ್ ಸಾಕೆಟ್‌ನಿಂದ ತೆಗೆದು ನೇರ ಬ್ಯಾಟರಿಗೆ ಕೊಟ್ಟೆವು. ಪಾಸಿಟಿವ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ನೆಗೆಟಿವ್ ಮಾತ್ರ ಬ್ಯಾಟರಿಯ ಕಂಬಕ್ಕೆ ಹಾಕಲಿಲ್ಲ. ಈಗಿನ ಎಷ್ಟೋ ಗಾಡಿಗಳಲ್ಲಿ ನೆಗೆಟಿವ್ ಕಂಬದ ಮೇಲೆ ಬ್ಯಾಟರಿ ಲೆಕ್ಕ ಇಡುವ ಸೆನ್ಸರ್ ಕೂತಿರುತ್ತದೆ. ನೇರ ಕಂಬಕ್ಕೆ ಹಾಕಿದರೆ ರೇಡಿಯೋ ಎಳೆಯುವ ಕರೆಂಟ್ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಬ್ಯಾಟರಿ ನೆಗೆಟಿವ್ ವೈರು ಗಾಡಿಯ ಮೈಗೆ ಸೇರುವ ಬೋಲ್ಟಿಗೆ ಹಾಕಿದರೆ ಆಯಿತು. ಕೊಂಯ್ ದನಿ ಹೋಯಿತು.

ಆಂಟೆನಾದಿಂದ ಬರುತ್ತಿದ್ದ ಗದ್ದಲಕ್ಕೆ ಒಂದೊಂದೇ ಉಪಕರಣ ಆಫ್ ಮಾಡುತ್ತಾ ಹೋದೆವು. ಸಾಕೆಟ್ಟಿನಲ್ಲಿದ್ದ ಅಗ್ಗದ ಯುಎಸ್‌ಬಿ ಚಾರ್ಜರ್ ಕಿತ್ತ ಕೂಡಲೇ ರೇಡಿಯೋ ತಣ್ಣಗಾಯಿತು. ಮೊಬೈಲ್ ಹಾಕದೇ ಇದ್ದರೂ ಅದು ಗದ್ದಲ ಮಾಡುತ್ತಲೇ ಇತ್ತು. ಬೇರೆ ಚಾರ್ಜರ್ ಹಾಕಿ, ವೈರಿಗೆ ಗದ್ದಲ ತಡೆಯುವ ಫೆರೈಟ್ ಬಿಲ್ಲೆ ಸಿಕ್ಕಿಸಿದ ಮೇಲೆ ತೊಂದರೆ ಇಲ್ಲ.

ಇನ್ನೊಂದು ಗದ್ದಲವಿದೆ, ಅದಕ್ಕೆ ಗಾಡಿ ಹೊಣೆಯಲ್ಲ. ಸೂರ್ಯನ ಚಟುವಟಿಕೆ ಜಾಸ್ತಿ ಇರುವ ವರ್ಷಗಳಲ್ಲಿ 27 ಮೆಗಾಹರ್ಟ್ಸ್ ಅಲೆ ಆಕಾಶದ ಮೇಲಿನ ಪದರಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಹಗಲು ಹೊತ್ತು ಯಾವುದೋ ರಾಜ್ಯದವರ ಮಾತು ಪಕ್ಕದಲ್ಲೇ ಕೂತಂತೆ ಕೇಳಿಸುತ್ತದೆ, ಪಕ್ಕದ ಗುಡ್ಡದ ಲಾರಿ ಅದರಡಿ ಹೂತುಹೋಗುತ್ತದೆ. ಇದಕ್ಕೆ ರಿಪೇರಿ ಇಲ್ಲ. ಕಾಡಿನ ತಿರುವಿನಲ್ಲಿ ರೇಡಿಯೋ ಸುಮ್ಮನಿದೆ ಅಂತ ಎದುರಿಗೆ ಯಾರೂ ಇಲ್ಲ ಎಂದುಕೊಳ್ಳಬಾರದು.

ಮಳೆ ಬಂದ ಮೇಲೆ

ಚಳಿಗಾಲದ ಮಳೆ ಶುರುವಾದ ಮೇಲೆ ಗೆಳೆಯರ ಫೋನ್ ಮತ್ತೆ ಬಂತು. "ಮಳೆ ಬಂದ ದಿನ 2.5, ಎರಡು ದಿನ ಬಿಸಿಲು ಬಿದ್ದರೆ 1.5. ಏನು ಸಾರ್ ಇದು?"

ಒದ್ದೆಯಾದಾಗ ಏರಿ ಒಣಗಿದಾಗ ಇಳಿದರೆ ನೀರು ಎಲ್ಲೋ ಒಳಗೆ ಹೋಗಿದೆ. ಬ್ರಾಕೆಟ್ ಕೆಳಗಿನ ಪ್ಲಗ್ ತಿರುಗಿಸಿ ತೆಗೆದರೆ ಒಳಗೆ ತೇವ. ಈ ಜಾತಿಯ ಪ್ಲಗ್‌ಗೆ ನೀರು ತಡೆಯುವ ಗುಣ ಇಲ್ಲ, ಅದನ್ನು ಸುತ್ತಿ ಮುಚ್ಚುವುದು ನಮ್ಮ ಕೆಲಸ. ಇಲ್ಲಿ ಮುಚ್ಚಿರಲಿಲ್ಲ. ಕೇಬಲ್ ತುದಿಯನ್ನು ಸುಲಿದು ನೋಡಿದೆವು. ಹೊಳೆಯಬೇಕಾದ ಜಾಲರಿ ಕಪ್ಪು ಹಸಿರಿಗೆ ತಿರುಗಿತ್ತು. ಜಾಲರಿಯೇ ಬತ್ತಿಯಂತೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಆಮೇಲೆ ಒಣಗಿಸಿ ಪ್ರಯೋಜನವಿಲ್ಲ. ಕೇಬಲ್ಲನ್ನೇ ಬದಲಿಸಿದೆವು.

ನೀರು ಕುಡಿದ ಕೇಬಲ್ ಇನ್ನೂ ಒಂದು ಮೋಸ ಮಾಡಬಲ್ಲದು. ಅದು ಶಕ್ತಿಯನ್ನು ದಾರಿಯಲ್ಲೇ ನುಂಗುತ್ತದೆ, ವಾಪಸ್ ಬರುವುದನ್ನೂ ನುಂಗುತ್ತದೆ. ಆಗ ರೇಡಿಯೋ ಪಕ್ಕದ ಮೀಟರಿಗೆ ವಾಪಸ್ ಬಂದದ್ದು ಕಡಿಮೆ ಕಾಣುತ್ತದೆ, ಎಸ್‌ಡಬ್ಲ್ಯೂಆರ್ ಚೆನ್ನಾಗಿರುವಂತೆ ತೋರುತ್ತದೆ. ಮಾತು ಮಾತ್ರ ದೂರ ಹೋಗುವುದಿಲ್ಲ. ಅಂಕಿ ಚೆನ್ನಾಗಿದ್ದೂ ಯಾರೂ ಉತ್ತರ ಕೊಡುತ್ತಿಲ್ಲ ಎಂದಾದರೆ ಕೇಬಲ್ ಮೇಲೆ ಸಂಶಯ ಪಡಬೇಕು. ಅದರ ತುದಿಯಲ್ಲಿ ಡಮ್ಮಿ ಲೋಡ್ ಹಾಕಿ, ಎಷ್ಟು ವ್ಯಾಟ್ ಅಲ್ಲಿಗೆ ತಲುಪುತ್ತಿದೆ ಎಂದೇ ಅಳೆಯಬೇಕು.

ಹೊಸ ಕೇಬಲ್ ಹಾಕಿದ ಮೇಲೆ ಪ್ಲಗ್ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿದೆವು. ಹಾಗೆ ಸುತ್ತಿದರೆ ಪ್ರತಿ ಸುತ್ತು ಕೆಳಗಿನ ಸುತ್ತಿನ ಮೇಲೆ ಬರುತ್ತದೆ, ನೀರು ಜಾರಿಹೋಗುತ್ತದೆ. ಕ್ಯಾಬಿನ್ ಕಿಂಡಿಗೆ ಹೋಗುವ ಮೊದಲು ಕೇಬಲನ್ನು ಸ್ವಲ್ಪ ಕೆಳಗೆ ಇಳಿಬಿಟ್ಟು ಮೇಲಕ್ಕೆ ಒಯ್ದೆವು. ಕೇಬಲ್ ಮೇಲೆ ಹರಿದ ನೀರು ಆ ಇಳಿಬಿದ್ದ ಜಾಗದಲ್ಲಿ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ.

ಇದನ್ನು ಓದಿ ಊರಿಗೆ ಬರುವಾಗ ಒಂದು ಸೆಟ್ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರೋಣ ಎಂದುಕೊಳ್ಳುವವರಿಗೆ ಒಂದು ಮಾತು. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಿಟ್ಟಿರುವ ಸಿಬಿ ಪಟ್ಟಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ ಮಾತ್ರ. ಅಮೆರಿಕದ ಸೆಟ್ಟಿನ 28ನೇ ಚಾನೆಲ್ 27.285. ಅಲ್ಲಿಂದ ಮೇಲಿನದೆಲ್ಲ ಆ ಪಟ್ಟಿಯ ಹೊರಗೆ. ತರುವುದು ಬೇಡ.

ಗೆಳೆಯರ ಗಾಡಿಯಲ್ಲಿ ಈಗ ಮಳೆಯಲ್ಲೂ ಬಿಸಿಲಲ್ಲೂ ಒಂದೇ ಅಂಕಿ. ಗುಡ್ಡದ ನಡುವೆ ಮೂರು ನಾಲ್ಕು ಮೈಲಿ ಮಾತು ಮುಟ್ಟುತ್ತದೆ, ಬಯಲಿನಲ್ಲಿ ಅದಕ್ಕಿಂತ ಜಾಸ್ತಿ. ಒಂದು ಕೊರತೆ ಉಳಿದಿದೆ. ಕೋಲು ಗಾಡಿಯ ಎಡ ಅಂಚಿನಲ್ಲಿದೆ, ಲೋಹವೆಲ್ಲ ಅದರ ಬಲಕ್ಕೆ. ಅಲೆ ಲೋಹ ಜಾಸ್ತಿ ಇರುವ ದಿಕ್ಕಿಗೆ ಜೋರಾಗಿ ಹೋಗುತ್ತದೆ, ಎಡಕ್ಕೆ ಕಡಿಮೆ. ಮಾಡಿನ ನಡುವೆ ತೂತು ಹೊಡೆದು ಕೂರಿಸಿದರೆ ಸುತ್ತಲೂ ಸಮ ಆಗುತ್ತದೆ. ಆದರೆ ತಗ್ಗಿದ ಮರದ ಕೊಂಬೆಗಳಿರುವ ರಸ್ತೆಗಳಲ್ಲಿ ಅಷ್ಟು ಎತ್ತರದ ಕೋಲು ಉಳಿಯುವುದಿಲ್ಲ ಎಂದು ಅವರು ಬೇಡವೆಂದರು. ಆರು ತಿಂಗಳಿಗೊಮ್ಮೆ ಪಟ್ಟಿಗಳ ಬೋಲ್ಟ್ ಬಿಗಿ ನೋಡಿ, ಮೂರು ಚಾನೆಲ್‌ನ ಅಂಕಿಯನ್ನು ಗಾಡಿಯ ಸರ್ವಿಸ್ ಪುಸ್ತಕದಲ್ಲೇ ಬರೆದಿಡುತ್ತಾರೆ.